ದಿಡ್ಡಿ ಬಾಗಿಲು ಮೊದಲೇ ಹಾಕಿ: ಫೋನಿನ ಸ್ಕ್ರೀನ್ ಟೈಮ್ ಬಗ್ಗೆ

(ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಸಾಮಾನ್ಯವಾಗಿ ಮಾತು ಶುರುವಾಗುವ ಮುಂಚೆ ಫೋನ್ ಒಳಗಿಡಿ ಅಂತ ಹೇಳುತ್ತಾರೆ. ನಾನು ಹೊರಗೆ ತೆಗೆಯಿರಿ ಅಂತ ಕೇಳಿಕೊಳ್ಳುತ್ತೇನೆ. ಆದರೆ ಈಗಲೇ ಅನ್‌ಲಾಕ್ ಮಾಡಬೇಡಿ. ಮೊದಲು ಮನಸ್ಸಿನಲ್ಲೇ ಎರಡು ಅಂದಾಜು ಹಾಕಿ. ನಿನ್ನೆ ಒಟ್ಟು ಎಷ್ಟು ಹೊತ್ತು ಫೋನ್ ನೋಡಿದಿರಿ? ಎಷ್ಟು ಸಲ ಅದನ್ನು ಕೈಗೆತ್ತಿಕೊಂಡಿರಿ?

ಆಯ್ತಾ? ಈಗ ಸೆಟ್ಟಿಂಗ್ಸ್ ತೆರೆಯಿರಿ. ಆಂಡ್ರಾಯ್ಡ್ ಫೋನ್ ಇದ್ದವರು 'ಡಿಜಿಟಲ್ ವೆಲ್‌ಬೀಯಿಂಗ್' ಅಂತ ಹುಡುಕಿ. ಐಫೋನ್ ಇದ್ದವರು 'ಸ್ಕ್ರೀನ್ ಟೈಮ್'. ಒಂದೊಂದು ಕಂಪನಿಯ ಫೋನಿನಲ್ಲಿ ಮೆನು ಸ್ವಲ್ಪ ಆಚೀಚೆ ಇರುತ್ತದೆ, ಮೇಲಿನ ಹುಡುಕಾಟದ ಪಟ್ಟಿಯಲ್ಲಿ ಟೈಪ್ ಮಾಡಿದರೆ ಸಿಗುತ್ತದೆ. ನಿನ್ನೆಯ ಲೆಕ್ಕ ನೋಡಿ.

(ಸಭೆಯಲ್ಲಿ ಗುಜುಗುಜು, ನಗು.)

ನಗುತ್ತಿರುವವರ ಅಂದಾಜು ತಪ್ಪಾಗಿದೆ ಅಂತ ಕಾಣುತ್ತದೆ. ಬೇಜಾರು ಬೇಡ, ಎಲ್ಲರದ್ದೂ ತಪ್ಪುತ್ತದೆ. 2021ರಲ್ಲಿ 'ನೇಚರ್ ಹ್ಯೂಮನ್ ಬಿಹೇವಿಯರ್' ಪತ್ರಿಕೆಯಲ್ಲಿ ಒಂದು ವಿಶ್ಲೇಷಣೆ ಬಂತು. ಜನ ಬಾಯಲ್ಲಿ ಹೇಳಿದ ಬಳಕೆ ಎಷ್ಟು, ಸಾಧನ ತಾನೇ ದಾಖಲಿಸಿದ್ದು ಎಷ್ಟು ಅಂತ ಹೋಲಿಸಿದ ಹತ್ತಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದರು. ಎರಡೂ ತಾಳೆಯಾಗುವುದು ಅಪರೂಪ ಅಂತ ಗೊತ್ತಾಯಿತು. ಕೆಲವರು ಜಾಸ್ತಿ ಹೇಳುತ್ತಾರೆ, ಕೆಲವರು ಕಡಿಮೆ. ಸುಳ್ಳು ಹೇಳುತ್ತಾರೆ ಅಂತಲ್ಲ. ಅರ್ಧ ನಿಮಿಷ, ಒಂದು ನಿಮಿಷ ಅಂತ ಚೂರು ಚೂರಾಗಿ ಹೋದ ಹೊತ್ತು ನೆನಪಿನಲ್ಲಿ ಉಳಿಯುವುದೇ ಇಲ್ಲ. ಹಾಗಾಗಿ ಮೊದಲ ಕೆಲಸ, ಅಂದಾಜು ಬಿಟ್ಟು ಲೆಕ್ಕ ನೋಡುವುದು.

ಆದರೆ ಆ ಲೆಕ್ಕದಲ್ಲೂ ಎಲ್ಲರ ಕಣ್ಣು ಹೋಗುವುದು ದೊಡ್ಡ ಅಕ್ಷರದಲ್ಲಿ ಕಾಣುವ ಒಟ್ಟು ಗಂಟೆಯ ಮೇಲೆ. ನನ್ನ ಪ್ರಕಾರ ಆ ಪುಟದಲ್ಲಿ ಅತಿ ಕಡಿಮೆ ಉಪಯೋಗದ ಸಂಖ್ಯೆ ಅದೇ.

ಯಾಕೆ ಅಂತ ಹೇಳುತ್ತೇನೆ. ಫೋನ್ ನಿಮ್ಮ ಕಣ್ಣನ್ನು ನೋಡಿ ಲೆಕ್ಕ ಹಾಕುವುದಿಲ್ಲ. ಯಾವ ಆ್ಯಪ್ ಯಾವಾಗ ಪರದೆಯ ಮುಂದಕ್ಕೆ ಬಂತು, ಯಾವಾಗ ಹಿಂದಕ್ಕೆ ಸರಿಯಿತು ಅಂತ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ದಾರಿ ನೋಡಲು ಮ್ಯಾಪ್ ಹಾಕಿಕೊಂಡು ಎರಡು ಗಂಟೆ ಗಾಡಿ ಓಡಿಸಿದರೆ ಅದೂ ಎರಡು ಗಂಟೆಯ ಸ್ಕ್ರೀನ್ ಟೈಮ್. ದೂರದಲ್ಲಿರುವ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಒಂದು ಗಂಟೆ ಮಾತಾಡಿದರೆ ಅದೂ ಒಂದು ಗಂಟೆ. ಪರದೆ ಆರಿಸಿ ಹಾಡು ಕೇಳಿದರೆ ಸೊನ್ನೆ. ಇವೆಲ್ಲವನ್ನೂ ಕೂಡಿಸಿ 'ಐದೂವರೆ ಗಂಟೆ' ಅಂತ ಹೇಳಿದರೆ ಅದರಿಂದ ಏನು ತಿಳಿಯುತ್ತದೆ? ಗಾಬರಿ ಮಾತ್ರ ಆಗುತ್ತದೆ.

ಅದರ ಬದಲು ಸ್ವಲ್ಪ ಕೆಳಗೆ ಇಳಿಯಿರಿ. ಐಫೋನಿನಲ್ಲಿ 'ಪಿಕಪ್ಸ್' ಅಂತ ಒಂದು ಭಾಗ ಇದೆ. ದಿನಕ್ಕೆ ಎಷ್ಟು ಸಲ ಫೋನ್ ಎತ್ತಿದಿರಿ, ಎತ್ತಿದ ಕೂಡಲೇ ಮೊದಲು ಯಾವ ಆ್ಯಪ್ ತೆರೆದಿರಿ ಅಂತ ಅಲ್ಲಿ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಡ್ಯಾಶ್‌ಬೋರ್ಡ್‌ಗೆ ಹೋದರೆ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ, ಒಂದೊಂದು ಆ್ಯಪನ್ನು ಎಷ್ಟು ಸಲ ತೆರೆದಿರಿ, ಯಾವುದರಿಂದ ಎಷ್ಟು ನೋಟಿಫಿಕೇಶನ್ ಬಂತು ಅಂತ ತೋರಿಸುತ್ತದೆ. ನಾನು ನೋಡಿ ಅಂತ ಹೇಳುವುದು ಈ ಮೂರನ್ನು. ಒಂದು ಆ್ಯಪನ್ನು ಒಂದೇ ಸಲ ತೆರೆದು ಒಂದು ಗಂಟೆ ಸಿನಿಮಾ ನೋಡಿದವರ ಕಥೆ ಬೇರೆ. ಅದೇ ಒಂದು ಗಂಟೆಯನ್ನು ಐವತ್ತು ಸಲ ತೆರೆದು ಮುಗಿಸಿದವರ ಕಥೆ ಬೇರೆ. ಎರಡನೆಯವರು ಐವತ್ತು ಸಲ ಮಾಡುತ್ತಿದ್ದ ಕೆಲಸ ಬಿಟ್ಟಿದ್ದಾರೆ, ಐವತ್ತು ಸಲ ಅದಕ್ಕೆ ವಾಪಸ್ ಬಂದಿದ್ದಾರೆ. ಆ ಬರುವ ಹೋಗುವ ಖರ್ಚು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಈ ಲೆಕ್ಕದ ಸೌಲಭ್ಯ ಬಂದದ್ದಾದರೂ ಹೇಗೆ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. 2018ರ ಜನವರಿಯಲ್ಲಿ ಆ್ಯಪಲ್‌ನ ಇಬ್ಬರು ದೊಡ್ಡ ಹೂಡಿಕೆದಾರರು, ಅಂದರೆ ಜಾನಾ ಪಾರ್ಟ್‌ನರ್ಸ್ ಮತ್ತು ಕ್ಯಾಲಿಫೋರ್ನಿಯಾದ ಶಿಕ್ಷಕರ ಪಿಂಚಣಿ ನಿಧಿ, ಕಂಪನಿಗೆ ಬಹಿರಂಗ ಪತ್ರ ಬರೆದರು. ಮಕ್ಕಳ ಫೋನ್ ಬಳಕೆಗೆ ಕಡಿವಾಣ ಹಾಕಲು ಹೆತ್ತವರಿಗೆ ಸರಿಯಾದ ಸಾಧನ ಕೊಡಿ ಅಂತ. ಗೂಗಲ್‌ನಲ್ಲಿ ಕೆಲಸ ಮಾಡಿದ್ದ ಟ್ರಿಸ್ಟನ್ ಹ್ಯಾರಿಸ್‌ರಂಥವರು ಅದಕ್ಕೂ ಮುಂಚಿನಿಂದಲೇ ಈ ಬಗ್ಗೆ ಮಾತಾಡುತ್ತಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಗೂಗಲ್ ಡಿಜಿಟಲ್ ವೆಲ್‌ಬೀಯಿಂಗ್ ಘೋಷಿಸಿತು, ಜೂನ್‌ನಲ್ಲಿ ಆ್ಯಪಲ್ ಸ್ಕ್ರೀನ್ ಟೈಮ್ ಘೋಷಿಸಿತು. ಫೋನ್ ಮಾರುವವರೇ ಫೋನ್ ಕಡಿಮೆ ನೋಡಿ ಅಂತ ಹೇಳುವ ಸಾಧನವನ್ನೂ ಕೊಟ್ಟರು. ಅದು ಎಷ್ಟು ಬಿಗಿಯಾಗಿದೆ ಅಂತ ಈಗ ನೋಡೋಣ.

ಹೆಚ್ಚಿನವರು ಮೊದಲು ಮಾಡುವುದು ಆ್ಯಪ್‌ಗೆ ದಿನದ ಮಿತಿ ಹಾಕುವುದು. ಇದಕ್ಕೆ 30 ನಿಮಿಷ, ಅದಕ್ಕೆ 45 ನಿಮಿಷ. ಆಂಡ್ರಾಯ್ಡ್‌ನಲ್ಲಿ ಹೊತ್ತು ಮುಗಿದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ, ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ, ಮಧ್ಯರಾತ್ರಿಗೆ ಮತ್ತೆ ಬಿಡುಗಡೆ. ಐಫೋನ್‌ನಲ್ಲಿ ಒಂದು ಪರದೆ ಅಡ್ಡ ಬರುತ್ತದೆ. ಚೆನ್ನಾಗಿದೆ ಅಲ್ವಾ? ಆದರೆ ಆ ಪರದೆಯಲ್ಲೇ 'ಇನ್ನು ಒಂದು ನಿಮಿಷ', '15 ನಿಮಿಷ ಬಿಟ್ಟು ನೆನಪಿಸು', 'ಇವತ್ತಿಗೆ ಮಿತಿ ಬೇಡ' ಅಂತ ಮೂರು ದಾರಿ ಕೊಟ್ಟಿದ್ದಾರೆ. ಮೂರನೆಯದನ್ನು ಒತ್ತಲು ಎಷ್ಟು ಹೊತ್ತು ಬೇಕು? ಕೆಲವು ದಿನ ಒತ್ತಿದ ಮೇಲೆ ಬೆರಳೇ ಆ ಜಾಗ ಕಲಿತುಬಿಡುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಟೈಮರ್ ಅಳಿಸಬೇಕು, ಅದು ಇನ್ನೂ ನಾಲ್ಕು ಹೆಜ್ಜೆ ಜಾಸ್ತಿ, ಅಷ್ಟೇ ವ್ಯತ್ಯಾಸ.

ಬಟನ್ ಸುಲಭವಾಗಿರುವುದು ಒಂದು ಸಮಸ್ಯೆ. ಅದಕ್ಕಿಂತ ದೊಡ್ಡದು, ಆ ಪರದೆ ಬರುವ ಹೊತ್ತು. ಅರ್ಧ ಗಂಟೆಯಿಂದ ಒಂದರ ಹಿಂದೆ ಒಂದು ವಿಡಿಯೋ ನೋಡುತ್ತಾ ಕೂತವರನ್ನು ಮಧ್ಯದಲ್ಲಿ ನಿಲ್ಲಿಸಿ 'ಸಾಕಾ?' ಅಂತ ಕೇಳಿದರೆ ಯಾರು ಸಾಕು ಅನ್ನುತ್ತಾರೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಇವತ್ತು ನಾನು ಹೇಳಲು ಬಂದದ್ದು ಇದೊಂದೇ ಮಾತು. ತಡೆ ಇರಬೇಕಾದದ್ದು ಆ್ಯಪ್ ತೆರೆಯುವ ಕ್ಷಣದಲ್ಲಿ. ಒಳಗೆ ಹೋದ ಮೇಲೆ ನಿಮ್ಮ ಎದುರಿಗಿರುವವರ ಕೈ ಮೇಲಾಗಿರುತ್ತದೆ.

ಎದುರಿಗಿರುವವರು ಅಂದೆ. ಯಾರು ಅವರು? 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದ ಪುಟವನ್ನು ರೂಪಿಸಿದ. ಕೆಳಗೆ ಸರಿಸಿದಷ್ಟೂ ಹೊಸದು ಬರುತ್ತಲೇ ಇರುತ್ತದೆ. ಅದಕ್ಕೆ ಮುಂಚೆ ಪುಟದ ಕೊನೆಗೆ ಬಂದರೆ 'ಮುಂದಿನ ಪುಟ' ಅಂತ ಒತ್ತಬೇಕಿತ್ತು. ಆ ಒಂದು ಒತ್ತುವಿಕೆಯಲ್ಲಿ ಮುಂದೆ ಹೋಗಬೇಕೋ ಬೇಡವೋ ಅಂತ ಅರೆಗಳಿಗೆ ಯೋಚಿಸುವ ಜಾಗ ಇತ್ತು. ಅದು ಹೋಯಿತು. ಆಮೇಲೆ ರಾಸ್ಕಿನ್ ಇದರ ಬಗ್ಗೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟ. ಪರದೆಯನ್ನು ಕೆಳಗೆಳೆದು ಬಿಟ್ಟರೆ ಹೊಸದು ಬರುವ ಉಪಾಯ ಲೋರೆನ್ ಬ್ರಿಕ್ಟರ್ ಎಂಬಾತನದ್ದು. ಎಳೆದಾಗ ಏನು ಬರುತ್ತದೆ ಅಂತ ಗೊತ್ತಿರುವುದಿಲ್ಲ. ಒಮ್ಮೆ ಒಳ್ಳೆಯದು ಬರುತ್ತದೆ, ಹತ್ತು ಸಲ ಏನೂ ಇರುವುದಿಲ್ಲ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಫೋನ್ ಹುಟ್ಟುವ ಎಷ್ಟೋ ಮುಂಚೆಯೇ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದ. ಕೊಕ್ಕಿನಿಂದ ಕುಟ್ಟಿದಾಗ ಪ್ರತಿ ಸಲ ಕಾಳು ಬಂದರೆ, ಕಾಳು ನಿಂತ ಮೇಲೆ ಹಕ್ಕಿ ಬೇಗ ಸುಮ್ಮನಾಗುತ್ತದೆ. ಯಾವಾಗ ಬರುತ್ತದೆ ಅಂತ ಗೊತ್ತಾಗದ ಹಾಗೆ ಕೊಟ್ಟರೆ ಕುಟ್ಟುತ್ತಲೇ ಇರುತ್ತದೆ. ಇದನ್ನು ಹೇಳುವುದು ಯಾಕೆಂದರೆ, ಎಷ್ಟೋ ಜನ ನನ್ನಲ್ಲಿ ಮನಸ್ಸಿನ ಗಟ್ಟಿತನ ಇಲ್ಲ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಒಳಗೆ ಕೂತು ಗಟ್ಟಿತನ ತೋರಿಸಬೇಕಾದ ಪರಿಸ್ಥಿತಿಯನ್ನೇ ತಂದುಕೊಳ್ಳದಿರುವುದು ಸುಲಭ.

ತೆರೆಯುವಾಗಲೇ ತಡೆ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. 'ವನ್ ಸೆಕ್' ಅಂತ ಒಂದು ಆ್ಯಪ್ ಇದೆ. ನೀವು ಆರಿಸಿದ ಆ್ಯಪನ್ನು ಮುಟ್ಟಿದಾಗ ಅದು ಕೆಲವು ಸೆಕೆಂಡ್ ಕಾಯಿಸುತ್ತದೆ. ಇತ್ತೀಚೆಗೆ ಎಷ್ಟು ಸಲ ತೆರೆಯಲು ಹೊರಟಿದ್ದಿರಿ ಅಂತ ತೋರಿಸುತ್ತದೆ. ಆಮೇಲೆ 'ಒಳಗೆ ಹೋಗುತ್ತೀರಾ, ಬೇಡವಾ' ಅಂತ ಕೇಳುತ್ತದೆ. 2023ರಲ್ಲಿ ಇದರ ಬಗ್ಗೆ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 280 ಜನ, 6 ವಾರ. ತೆರೆಯಲು ಹೊರಟ ನೂರರಲ್ಲಿ 36 ಸಲ ಜನ ಬೇಡ ಅಂತ ವಾಪಸ್ ಹೋದರು. ಇನ್ನೊಂದು ಅಂಶ ನನಗೆ ಇದಕ್ಕಿಂತ ಮುಖ್ಯ ಅನ್ನಿಸಿತು. ಮೊದಲ ವಾರಕ್ಕೆ ಹೋಲಿಸಿದರೆ ಆರನೆಯ ವಾರದಲ್ಲಿ ತೆರೆಯಲು ಹೊರಡುವುದೇ ಶೇಕಡಾ 37ರಷ್ಟು ಕಡಿಮೆಯಾಗಿತ್ತು. ಜೊತೆಗೆ, ಈ ಮೂರು ಅಂಶಗಳಲ್ಲಿ ಯಾವುದು ಕೆಲಸ ಮಾಡಿತು ಅಂತಲೂ ಬೇರೆ ಬೇರೆಯಾಗಿ ನೋಡಿದರು. ವಾಪಸ್ ಹೋಗುವ ಆಯ್ಕೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತ್ತು. ಕಾಯಿಸುವುದೂ ಕೆಲಸ ಮಾಡಿತ್ತು. ಯೋಚಿಸಿ ನೋಡಿ ಅಂತ ಹೇಳುವ ಸಂದೇಶದಿಂದ ಪ್ರಯೋಜನ ಆಗಿರಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುತ್ತಲೇ ಇರುವವರು ಇದನ್ನು ಗಮನಿಸಬೇಕು.

ಇಂಥ ಆ್ಯಪ್ ಇಲ್ಲದೆಯೂ ತಡೆ ಹಾಕಬಹುದು. ತುಂಬಾ ತೆರೆಯುವ ಆ್ಯಪ್‌ನ ಐಕಾನನ್ನು ಹೋಮ್ ಸ್ಕ್ರೀನ್‌ನಿಂದ ತೆಗೆಯಿರಿ. ಆ್ಯಪ್ ಫೋನಿನಲ್ಲಿ ಇರಲಿ, ಬೇಕಾದಾಗ ಹೆಸರು ಟೈಪ್ ಮಾಡಿ ತೆರೆಯಿರಿ. ಪ್ರತಿ ಸಲ ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಉಳಿಸಬೇಡಿ. ಅಥವಾ ಆ್ಯಪನ್ನೇ ತೆಗೆದು ಬ್ರೌಸರ್‌ನಲ್ಲಿ ನೋಡಿ. ಅಲ್ಲಿ ಅದು ಸ್ವಲ್ಪ ನಿಧಾನ, ಸ್ವಲ್ಪ ಕಿರಿಕಿರಿ. ಆ ಕಿರಿಕಿರಿಯೇ ನಮಗೆ ಬೇಕಾದದ್ದು. ಪರದೆಯನ್ನು ಕಪ್ಪು ಬಿಳುಪು ಮಾಡಿಕೊಳ್ಳುವುದೂ ಒಂದು ದಾರಿ. ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ ದಿನಕ್ಕೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಬಳಕೆ ಇಳಿದಿತ್ತು. ಫೋಟೋ ನೋಡುವ ಕೆಲಸ ಇರುವವರಿಗೆ ಇದು ಆಗದು, ಅದು ಬೇರೆ ಮಾತು.

ದಿನದ ಮಿತಿಗಿಂತ ಗಡಿಯಾರದ ಮಿತಿ ವಾಸಿ ಅನ್ನುವುದು ನನ್ನ ಅಭಿಪ್ರಾಯ. 'ದಿನಕ್ಕೆ ಒಂದು ಗಂಟೆ' ಅಂತ ಹಾಕಿದರೆ ಅದು ನಮ್ಮ ಪಾಲಿನ ಹಕ್ಕಾಗಿಬಿಡುತ್ತದೆ. ರಾತ್ರಿ ಮಲಗುವ ಮುಂಚೆ 'ಇನ್ನೂ 20 ನಿಮಿಷ ಬಾಕಿ ಇದೆಯಲ್ಲ' ಅಂತ ಅನ್ನಿಸುತ್ತದೆ. ಬಾಕಿ ಉಳಿಸಿದರೆ ನಷ್ಟವಾದಂತೆ. 'ಬೆಳಿಗ್ಗೆ 9ರಿಂದ 1ರವರೆಗೆ ಇದು ತೆರೆಯುವುದಿಲ್ಲ' ಅಂತ ಹಾಕಿದರೆ ಲೆಕ್ಕಾಚಾರಕ್ಕೇ ಜಾಗ ಇಲ್ಲ. ಆಂಡ್ರಾಯ್ಡ್‌ನ ಫೋಕಸ್ ಮೋಡ್‌ನಲ್ಲಿ ಆ್ಯಪ್‌ಗಳನ್ನು ಆರಿಸಿ, ದಿನ ಮತ್ತು ಹೊತ್ತು ಹಾಕಿದರೆ ಅವು ತಾನಾಗಿ ನಿಲ್ಲುತ್ತವೆ, ಅವುಗಳ ನೋಟಿಫಿಕೇಶನ್ ಕೂಡ ಬರುವುದಿಲ್ಲ. ಐಫೋನ್‌ನಲ್ಲಿ ಇದೇ ಕೆಲಸ ಮಾಡುವುದು ಡೌನ್‌ಟೈಮ್. ಮನೆಯವರ ಕರೆ, ಮೆಸೇಜ್‌ನಂಥ ಬೇಕಾದವನ್ನು 'ಯಾವಾಗಲೂ ಇರಲಿ' ಎಂಬ ಪಟ್ಟಿಯಲ್ಲಿ ಇಡಬಹುದು. ರಾತ್ರಿಗೆ ಎರಡರಲ್ಲೂ ಬೇರೆ ವ್ಯವಸ್ಥೆ ಇದೆ. ಆದರೆ ರಾತ್ರಿಯ ವಿಷಯದಲ್ಲಿ ಚಾರ್ಜರ್ ಇನ್ನೊಂದು ಕೋಣೆಯಲ್ಲಿ ಇಡುವುದಕ್ಕಿಂತ ದೊಡ್ಡ ಸೆಟ್ಟಿಂಗ್ ಯಾವುದೂ ಇಲ್ಲ. 'ಅಲಾರಂ ಬೇಕಲ್ಲ' ಅಂತೀರಾ? ಅಲಾರಂ ಗಡಿಯಾರ ಅಂತ ಒಂದು ವಸ್ತು ಈಗಲೂ ಸಿಗುತ್ತದೆ.

ಇನ್ನು ನೋಟಿಫಿಕೇಶನ್. ನೀವು ಫೋನ್ ಎತ್ತದಿದ್ದರೂ ಫೋನ್ ನಿಮ್ಮನ್ನು ಎತ್ತಿಸುತ್ತದೆ. ಎಲ್ಲವನ್ನೂ ಬಂದ್ ಮಾಡಿ ಅಂತ ಹೇಳುವವರಿದ್ದಾರೆ. ಅಷ್ಟು ಸರಳ ಅಲ್ಲ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ ಬಂದವು, ಕೆಲವರಿಗೆ ಗಂಟೆಗೊಮ್ಮೆ, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಾಗಿ, ಕೆಲವರಿಗೆ ಬರಲೇ ಇಲ್ಲ. ದಿನಕ್ಕೆ ಮೂರು ಸಲ ಬಂದವರ ಗಮನ, ಮನಸ್ಥಿತಿ ಎರಡೂ ಸುಧಾರಿಸಿತು, ಒತ್ತಡ ಇಳಿಯಿತು. ಪೂರ್ತಿ ನಿಲ್ಲಿಸಿದವರಿಗೆ ಅಷ್ಟು ಲಾಭ ಆಗಲಿಲ್ಲ, ಏನೋ ತಪ್ಪಿಹೋಗುತ್ತಿದೆ ಅನ್ನುವ ಆತಂಕ ಜಾಸ್ತಿಯಾಯಿತು. ಏನೂ ಬರದಿದ್ದರೆ ನಾವೇ ಹೋಗಿ ಇಣುಕುತ್ತೇವೆ. ಐಫೋನ್‌ನಲ್ಲಿ 2021ರಿಂದ ನೋಟಿಫಿಕೇಶನ್‌ಗಳನ್ನು ಗೊತ್ತಾದ ಹೊತ್ತಿಗೆ ಕಟ್ಟಾಗಿ ಕೊಡುವ ಸೌಲಭ್ಯ ಇದೆ. ಆಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್‌ನ ಒಳಗೇ ಬಗೆಬಗೆಯ ನೋಟಿಫಿಕೇಶನ್‌ಗಳನ್ನು ಬೇರೆ ಬೇರೆಯಾಗಿ ಆರಿಸಬಹುದು. ಬ್ಯಾಂಕಿನ ಆ್ಯಪ್‌ನಿಂದ ಹಣದ ವಹಿವಾಟಿನ ಸೂಚನೆ ಇರಲಿ, ಸಾಲ ಬೇಕಾ ಅಂತ ಕೇಳುವುದು ಬೇಡ. ಇಂಥದ್ದು. ಮನುಷ್ಯರು ಕಳಿಸಿದ್ದು ಇರಲಿ, ಯಂತ್ರ ಕಳಿಸಿದ್ದು ಹೋಗಲಿ ಅಂತ ಒಂದು ಗೆರೆ ಎಳೆದರೆ ಅರ್ಧ ಕೆಲಸ ಮುಗಿಯುತ್ತದೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಫೋನಿನಲ್ಲೇ ಇರುವ ಸೌಲಭ್ಯ ಸಾಲದು ಅಂತ ಹೊರಗಿನ ಆ್ಯಪ್ ಹಾಕಿಕೊಳ್ಳುವವರು ಅದು ಯಾವ ಅನುಮತಿ ಕೇಳುತ್ತದೆ ಅಂತ ನೋಡಿ. ಆಂಡ್ರಾಯ್ಡ್‌ನಲ್ಲಿ 'ಯೂಸೇಜ್ ಆ್ಯಕ್ಸೆಸ್' ಕೊಟ್ಟರೆ ನೀವು ಯಾವ ಆ್ಯಪ್ ಎಷ್ಟು ಹೊತ್ತು ಬಳಸಿದಿರಿ ಅಂತ ಅದಕ್ಕೆ ಗೊತ್ತಾಗುತ್ತದೆ. 'ಆ್ಯಕ್ಸೆಸಿಬಿಲಿಟಿ' ಅನುಮತಿ ಇನ್ನೂ ದೊಡ್ಡದು. ಪರದೆಯ ಮೇಲೆ ಇರುವುದನ್ನು ಓದಲೂ ಅದರಿಂದ ಆಗುತ್ತದೆ. ಯಾರು ಮಾಡಿದ್ದು ಅಂತ ತಿಳಿಯದ ಆ್ಯಪ್‌ಗೆ ಅದನ್ನು ಕೊಡಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ಕಡಿಮೆ ಮಾಡುವುದರಿಂದ ಲಾಭ ಇದೆಯಾ? ಇದೆ, ಆದರೆ ದೊಡ್ಡ ಭರವಸೆ ಕೊಡಲಾರೆ. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಜೊತೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮೂರನ್ನೂ ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿತು. ಮೂರು ವಾರದ ನಂತರ ಅವರಲ್ಲಿ ಒಂಟಿತನ, ಖಿನ್ನತೆಯ ಲಕ್ಷಣ ಇಳಿದಿದ್ದವು. ಗಮನಿಸಿ, ಪೂರ್ತಿ ಬಿಡಿಸಿರಲಿಲ್ಲ. ಇನ್ನೊಂದು ಕಡೆ, 2019ರಲ್ಲಿ ಏಮಿ ಓರ್ಬೆನ್ ಮತ್ತು ಆ್ಯಂಡ್ರೂ ಪ್ರಿಜಿಬಿಲ್‌ಸ್ಕಿ ಲಕ್ಷಾಂತರ ಹದಿಹರೆಯದವರ ಮಾಹಿತಿ ಜಾಲಾಡಿದರು. ಡಿಜಿಟಲ್ ಸಾಧನಗಳ ಬಳಕೆಗೂ ಮನಸ್ಸಿನ ನೆಮ್ಮದಿಗೂ ಇರುವ ನಂಟು ತೀರಾ ಚಿಕ್ಕದು ಅಂತ ಕಂಡಿತು. ಎರಡೂ ನಿಜ ಇರಬಹುದು. ಒಟ್ಟು ಗಂಟೆಗಳನ್ನು ಹಿಡಿದು ನೋಡಿದರೆ ನಂಟು ಮಸುಕಾಗುತ್ತದೆ. ಯಾರು, ಯಾವಾಗ, ಏನು ನೋಡಿದರು ಅಂತ ಕೇಳಿದರೆ ಮಾತ್ರ ಏನಾದರೂ ಸಿಗುತ್ತದೆ. ಗಂಟೆಯ ಸಂಖ್ಯೆ ಬಗ್ಗೆ ನಾನು ಆಗಲೇ ಗೊಣಗಿದ್ದು ಇದಕ್ಕೇ.

ಈಗ ಪ್ರಶ್ನೆಗಳು.

ಪ್ರಶ್ನೆ: ನನ್ನ ಕೆಲಸವೇ ಫೋನಿನಲ್ಲಿ. ಗ್ರಾಹಕರ ಮೆಸೇಜ್ ಬರುತ್ತಲೇ ಇರುತ್ತದೆ. ನಾನು ಏನು ಕಡಿಮೆ ಮಾಡಲಿ?

ಮೆಸೇಜ್ ಆ್ಯಪನ್ನು ಮುಟ್ಟಬೇಡಿ, ಅದು ನಿಮ್ಮ ಕೆಲಸ. ಒಂದು ವಾರ ಒಂದೇ ಒಂದನ್ನು ನೋಡಿ: ಮೆಸೇಜ್‌ಗೆ ಉತ್ತರ ಕೊಟ್ಟ ಮೇಲೆ ಬೆರಳು ಎಲ್ಲಿಗೆ ಹೋಗುತ್ತದೆ? ಸಾಮಾನ್ಯವಾಗಿ ಕೆಲಸ ಒಂದು ನಿಮಿಷದ್ದು, ಅದರ ಬಾಲ ಹತ್ತು ನಿಮಿಷದ್ದು. ಆ ಎರಡನೆಯ ಆ್ಯಪ್ ಯಾವುದು ಅಂತ ಗೊತ್ತಾದರೆ ಕೆಲಸದ ಹೊತ್ತಿನಲ್ಲಿ ಅದೊಂದನ್ನೇ ಫೋಕಸ್ ಮೋಡ್‌ಗೆ ಹಾಕಿ.

ಪ್ರಶ್ನೆ: ಮಗನಿಗೆ 12 ವರ್ಷ. ಮಿತಿ ಹಾಕಿದ್ದೇವೆ. ಏನೋ ಒಂದು ದಾರಿ ಹುಡುಕಿ ತಪ್ಪಿಸಿಕೊಳ್ಳುತ್ತಾನೆ.

ಜಾಣ ಹುಡುಗ. ಮೊದಲು ಅವನ ಫೋನ್ ಮಕ್ಕಳ ಖಾತೆಯಲ್ಲೇ ಇದೆಯಾ ನೋಡಿ. ಆಂಡ್ರಾಯ್ಡ್‌ಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಐಫೋನ್‌ಗೆ ಫ್ಯಾಮಿಲಿ ಶೇರಿಂಗ್. ಅವುಗಳಲ್ಲಿ ಹೊಸ ಆ್ಯಪ್ ಹಾಕಲು ನಿಮ್ಮ ಒಪ್ಪಿಗೆ ಬೇಕಾಗುವ ಹಾಗೆ ಮಾಡಬಹುದು. ಆದರೆ 12 ವರ್ಷದವನ ಜೊತೆ ಬರೀ ಬೀಗದ ಆಟ ಆಡಿದರೆ ಅವನೇ ಗೆಲ್ಲುತ್ತಾನೆ, ಅವನ ಹತ್ತಿರ ಸಮಯ ಜಾಸ್ತಿ ಇದೆ. ಅವನ ಲೆಕ್ಕದ ಪುಟವನ್ನು ಅವನ ಜೊತೆ ಕೂತು ನೋಡಿ. ನಿಮ್ಮದನ್ನೂ ಅವನಿಗೆ ತೋರಿಸಿ. ಎರಡನೆಯದು ಕಷ್ಟ, ಗೊತ್ತು.

ಪ್ರಶ್ನೆ: ನಮ್ಮ ಮಗಳಿಗೆ ಇನ್ನೂ ಒಂದೂವರೆ ವರ್ಷ...

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡು ವರ್ಷ ತುಂಬುವವರೆಗೆ ಸುಮ್ನೆ ಕೂತು ಪರದೆ ನೋಡುವುದು ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅಜ್ಜಿ ತಾತನ ವಿಡಿಯೋ ಕಾಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ಐಫೋನ್‌ನಲ್ಲಿ 'ಇವತ್ತಿಗೆ ಮಿತಿ ಬೇಡ' ಅನ್ನುವ ಬಟನ್ನೇ ಬರದ ಹಾಗೆ ಮಾಡಲು ಆಗುವುದಿಲ್ಲವಾ?

ಆಗುತ್ತದೆ. ಸ್ಕ್ರೀನ್ ಟೈಮ್‌ಗೆ ಬೇರೆಯೇ ಪಾಸ್‌ಕೋಡ್ ಇಡಬಹುದು. ಮಿತಿ ಹಾಕುವಾಗ 'ಮಿತಿ ಮುಗಿದಾಗ ತಡೆ' ಅನ್ನುವುದನ್ನೂ ಆನ್ ಮಾಡಿ. ಆಮೇಲೆ ಪಾಸ್‌ಕೋಡ್ ಇಲ್ಲದೆ ಮುಂದೆ ಹೋಗಲಾಗುವುದಿಲ್ಲ. ಆ ಪಾಸ್‌ಕೋಡನ್ನು ನೀವು ಹಾಕಬೇಡಿ. ಗಂಡನೋ ಹೆಂಡತಿಯೋ ಸ್ನೇಹಿತರೋ ಹಾಕಲಿ, ನೀವು ಮುಖ ಆಚೆ ತಿರುಗಿಸಿ.

ಪ್ರಶ್ನೆ: ಅವರೂ ಮರೆತರೆ?

(ನಗು.) ಪಾಸ್‌ಕೋಡ್ ಇಡುವಾಗ, ಮರೆತರೆ ಬೇಕಾಗುತ್ತದೆ ಅಂತ ಫೋನ್ ಒಂದು ಆ್ಯಪಲ್ ಖಾತೆ ಕೇಳುತ್ತದೆ. ನಿಮ್ಮದನ್ನೇ ಕೊಟ್ಟರೆ ನಾಳೆ ನೀವೇ ಪಾಸ್‌ಕೋಡ್ ಬದಲಿಸಿಕೊಳ್ಳಬಹುದು, ಅಷ್ಟರಮಟ್ಟಿಗೆ ಬೀಗ ಸಡಿಲ. ಯಾವುದನ್ನೂ ಕೊಡದೆ ಇಬ್ಬರೂ ಮರೆತರೆ ನಿಜವಾಗಿಯೂ ತಲೆನೋವು. ಪಾಸ್‌ಕೋಡ್ ಹಾಕಿದವರು ಅದನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ಹತ್ತಿರ ಇಟ್ಟುಕೊಳ್ಳಲಿ. ಫೋನಿನಲ್ಲಿ ಬರೆದಿಡುವುದು ಬೇಡ.